ಐವತ್ತೇಳನೇ ನಂಬರಿನ ಹುಡುಗ

ಕೆಟಲ್ ಫೋರ್ಕ್ ಊರಿನ ಸ್ಕೂಲ್ ಬಸ್ ಡ್ರೈವರ್ ಲಾರ್ನ್ ಪ್ರೊಕೊಪ್ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವನಲ್ಲ. ಸಸ್ಕ್ಯಾಚೆವಾನ್ ಪ್ರಾಂತ್ಯದ ಜನವರಿಯಲ್ಲಿ, ಎದುರಿನ ದಾರಿ ಹಾಗಿರಲಿ, ತನ್ನ ಬಸ್ಸಿನ ಮೂತಿಯೇ ಕಾಣದಂತೆ ಹಿಮ ಬೀಸುವಾಗಲೂ ಏಳೂವರೆಗೆ ಮೊದಲ ಮನೆಯ ಮುಂದೆ ಅವನ ಹಾರ್ನ್ ಕೇಳಿಸುತ್ತಿತ್ತು. ಇಷ್ಟು ಗಡಿಯಾರದ ಮನುಷ್ಯ ಐಸ್ ಹಾಕಿಯ ವಿಷಯಕ್ಕೆ ಬಂದರೆ ಮಾತ್ರ ಯಾವತ್ತೂ ಸರಿಯಾದ ಹೊತ್ತಿಗೆ ಬರುತ್ತಿರಲಿಲ್ಲ. ತಡವಾಗಿ ಅಲ್ಲ, ಮೂರು ವರ್ಷ ಮುಂಚೆ ಬಂದುಬಿಡುತ್ತಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರಿನ ಐಸ್ ರಿಂಕಿನ, ಅಂದರೆ ಮಂಜುಗಡ್ಡೆಯ ಆಟದಂಗಳದ, ಮಹಡಿ ಕೋಣೆಯಲ್ಲಿ ಎಂಟು ಜನರ ಒಂದು ಕೂಟವಿದೆ. ಪ್ರತಿ ಸೆಪ್ಟೆಂಬರಿನ ಕೊನೆಯ ಶನಿವಾರ ಎಂಟೂ ಜನ ಅಲ್ಲಿ ಸೇರಿ ಕಾಗದದ ಮೇಲೆ ತಂಡ ಕಟ್ಟುತ್ತಾರೆ. ಸರದಿಯ ಪ್ರಕಾರ ಒಬ್ಬೊಬ್ಬರೂ ಒಬ್ಬೊಬ್ಬ ಆಟಗಾರನ ಹೆಸರು ಹೇಳಬೇಕು. ಮೊದಲು ಹೇಳಿದವರಿಗೆ ಆ ಆಟಗಾರ. ಆಮೇಲೆ ಏಪ್ರಿಲ್‌ವರೆಗೆ ಅವನು ದೊಡ್ಡ ಲೀಗಿನಲ್ಲಿ ಗೋಲು ಹೊಡೆದರೆ ಇವರಿಗೆ ಎರಡು ಅಂಕ, ಗೋಲಿಗೆ ನೆರವಾದರೆ ಒಂದು. ಕೆಟಲ್ ಫೋರ್ಕ್ ಎಂಬ ಊರೊಂದಿದೆ, ಅಲ್ಲಿ ತಾವು ಒಬ್ಬ ಬಸ್ ಡ್ರೈವರನ ಆಳುಗಳು ಎಂಬುದು ಆ ಆಟಗಾರರಿಗೆ ಗೊತ್ತೇ ಇರುವುದಿಲ್ಲ. ಗೆದ್ದವರಿಗೆ ಸಿಗುವುದು ಕೆಟ್ಟುಹೋದ ಒಂದು ಟೋಸ್ಟರ್. ಅದನ್ನು ವರ್ಷವಿಡೀ ನಡುಮನೆಯಲ್ಲಿ ಮದುವೆಯ ಫೋಟೋ ಪಕ್ಕ ಇಡಬಹುದು, ಮತ್ತು ಎಲ್ಲರೂ ಇಟ್ಟಿದ್ದಾರೆ.

ಹದಿನಾಲ್ಕು ಜನರ ತಂಡದಲ್ಲಿ ಆರು ಜನ ಎಳೆಯರಿಗೆ ಜಾಗ ಉಂಟು. ಇನ್ನೂ ದೊಡ್ಡ ಲೀಗಿಗೆ ಕಾಲಿಡದ, ಹದಿನಾರು ಹದಿನೇಳರ ಹುಡುಗರು. ಇವರು ಮಾತ್ರ ವರ್ಷ ಬದಲಾದರೂ ಅದೇ ತಂಡದಲ್ಲಿ ಉಳಿಯುತ್ತಾರೆ. ಉಳಿದವರೆಲ್ಲ ಒಬ್ಬನನ್ನೋ ಇಬ್ಬರನ್ನೋ ಹರಕೆಗೆ ಅನ್ನುವಂತೆ ಇಟ್ಟುಕೊಳ್ಳುತ್ತಿದ್ದರು. ಲಾರ್ನ್ ಆರಕ್ಕೆ ಆರೂ ತುಂಬುತ್ತಿದ್ದ. ಪ್ರತಿ ಚಳಿಗಾಲದ ಶನಿವಾರ ಯಾವುದೋ ಊರಿನ ಯಾವುದೋ ರಿಂಕಿಗೆ ಹೋಗಿ, ಮೈನಸ್ ಮೂವತ್ತರಲ್ಲಿ ಹಲಗೆ ಬೆಂಚಿನ ಮೇಲೆ ಕೂತು ಹುಡುಗರನ್ನು ನೋಡಿಬರುತ್ತಿದ್ದ. ಯಾವ ಹುಡುಗ ಎಡಕ್ಕೆ ತಿರುಗುವಾಗ ತಡವರಿಸುತ್ತಾನೆ, ಯಾರ ತಾಯಿ ರೆಫರಿಗೆ ಬಯ್ಯುತ್ತಾಳೆ, ಯಾರಿಗೆ ಇನ್ನೂ ಎರಡು ಅಂಗುಲ ಬೆಳೆಯುವ ಪಾದವಿದೆ, ಎಲ್ಲ ಅವನ ನಾಲಿಗೆ ತುದಿಯಲ್ಲಿ. ಯಾರಾದರೂ ನಕ್ಕರೆ, "ಮೂರು ವರ್ಷ ತಡ್ಕೊಳ್ಳಿ, ಆಮೇಲೆ ನೋಡಿ" ಅನ್ನುತ್ತಿದ್ದ. ಮೂರು ವರ್ಷದ ಹೊತ್ತಿಗೆ ಆ ಹುಡುಗರಲ್ಲಿ ಒಬ್ಬ ಮೊಣಕಾಲು ಮುರಿದುಕೊಂಡಿರುತ್ತಿದ್ದ, ಒಬ್ಬ ಕೃಷಿ ಕಾಲೇಜು ಸೇರಿರುತ್ತಿದ್ದ. ಲಾರ್ನ್ ಹೊಸಬರನ್ನು ಹುಡುಕಿರುತ್ತಿದ್ದ.

ಹೀಗಾಗಿ ಎರಡು ವರ್ಷ ಸತತವಾಗಿ ಅವನದು ಕೊನೆಯ ಸ್ಥಾನ. ಕೂಟದ ನಿಯಮ ಖಡಕ್ಕಾಗಿತ್ತು: ಮೂರು ಸಲ ಸಾಲಾಗಿ ಕೊನೆಗೆ ಬಂದವರು ಕುರ್ಚಿ ಬಿಡಬೇಕು, ಕಾಯುವವರ ಪಟ್ಟಿಯಲ್ಲಿ ಮೊದಲಿದ್ದವರು ಆ ಕುರ್ಚಿಗೆ ಬಂದು ಅದರ ಎಳೆಯರನ್ನೂ ವಹಿಸಿಕೊಳ್ಳಬೇಕು. ಒಂಬತ್ತು ವರ್ಷದಿಂದ ಆ ಪಟ್ಟಿಯಲ್ಲಿ ಮೊದಲಿದ್ದವಳು ಲಾರ್ನ್‌ನ ಹೆಂಡತಿ ಮೇವಿಸ್.

ಕುರ್ಚಿ ಹೋದರೆ ಲಾರ್ನ್‌ಗೆ ಶನಿವಾರಗಳು ಉಳಿಯುತ್ತವೆ, ರಿಂಕುಗಳು ಉಳಿಯುತ್ತವೆ. ಆದರೆ "ಇವನಿಗೆ ಆಟಗಾರನ ಗುರುತು ಸಿಗುತ್ತೆ" ಅಂತ ಯಾರೂ ಒಪ್ಪದೆಯೇ ಕೂಟದ ಅವನ ಇಪ್ಪತ್ತಾರು ವರ್ಷ ಮುಗಿದುಹೋಗುತ್ತಿತ್ತು. 

ಎರಡನೆಯ ಸಲ ಕೊನೆಗೆ ಬೀಳುತ್ತಿದ್ದ ಆ ವರ್ಷದ ಜನವರಿಯಲ್ಲಿ ಅವನು ಮೇವಿಸ್‌ಳನ್ನು ಕರೆದುಕೊಂಡು ಎರಡು ಗಂಟೆ ದೂರದ ಪಟ್ಟಣಕ್ಕೆ ಹೋದ. ಅಲ್ಲಿಯ ಜೂನಿಯರ್ ತಂಡದಲ್ಲಿ ಕೋಲ್ಬಿ ಟ್ರಾಸ್ಕ್ ಎಂಬ ಹುಡುಗನಿದ್ದ. ಮುಂದಿನ ವರ್ಷ ಸೀದಾ ದೊಡ್ಡ ಲೀಗಿಗೆ ಹೋಗುತ್ತಾನೆ, ಬಂದಂದೇ ಗೋಲು ಸುರಿಸುತ್ತಾನೆ ಅಂತ ಟೀವಿಯಿಂದ ಹಿಡಿದು ಕ್ಷೌರದಂಗಡಿಯವರೆಗೆ ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳಿದ್ದರಿಂದಲೇ ಲಾರ್ನ್‌ಗೆ ಅವನು ಸೇರುತ್ತಿರಲಿಲ್ಲ. ಮೊದಲ ಅರ್ಧ ಹೊತ್ತು ಮೇವಿಸ್‌ಗೆ ಟ್ರಾಸ್ಕ್‌ನ ಕಾಲು ಎಷ್ಟು ಭಾರ, ಬೆನ್ನು ಎಷ್ಟು ಬಿಗಿ ಅಂತ ಕೊರೆದ. ಆಮೇಲೆ ಎದ್ದು ಶೌಚಕ್ಕೆ ಹೋದ. ವಾಪಸು ಬಂದಾಗ ಟ್ರಾಸ್ಕ್ ಎಲ್ಲೂ ಕಾಣಲಿಲ್ಲ.

"ನೋಡಿದ್ಯಾ, ಹೆದರಿ ಕೂತ್ಬಿಟ್ಟ" ಅಂದ ಲಾರ್ನ್.

ಮೇವಿಸ್ ಬಾಯಿ ತೆರೆದಳು. ಅಷ್ಟರಲ್ಲಿ ಐವತ್ತೇಳನೇ ನಂಬರಿನ ಅಂಗಿಯ ಹುಡುಗನೊಬ್ಬ ಮೂವರನ್ನು ದಾಟಿ, ನಾಲ್ಕನೆಯವನನ್ನು ಕೂರಿಸಿ, ಗೋಲು ಹೊಡೆದ. ಲಾರ್ನ್ ಎದ್ದು ನಿಂತು ಕೂಗಿದ ಕೂಗಿಗೆ ಧ್ವನಿವರ್ಧಕದಲ್ಲಿ ಹೇಳಿದ ಹೆಸರು ಮುಳುಗಿಹೋಯಿತು. ಆ ಹುಡುಗ ಇನ್ನೊಂದು ಗೋಲು ಹೊಡೆದ. ಅಂಗಿಯ ಬೆನ್ನ ಮೇಲೆ ಹೆಸರಿಲ್ಲ. ಕೈಯಲ್ಲಿದ್ದ ತಂಡದ ಪಟ್ಟಿಯಲ್ಲಿ ಐವತ್ತೇಳು ಎಂಬ ನಂಬರೇ ಇಲ್ಲ. ಲಾರ್ನ್‌ಗೆ ಮೈ ಜುಮ್ಮೆಂದಿತು. ತಂಡದವರು ಇವನನ್ನು ಬಚ್ಚಿಟ್ಟಿದ್ದಾರೆ ಅಂತ ಅವನಿಗೆ ಖಾತ್ರಿಯಾಯಿತು.

ಈ ಗುಟ್ಟನ್ನು ಮೇವಿಸ್‌ಗೂ ಹೇಳಲಿಲ್ಲ. ಅವಳು ಕಾಯುವ ಪಟ್ಟಿಯವಳು. ಮನೆಗೆ ಬರುವ ಎರಡು ಗಂಟೆ ದಾರಿಯಲ್ಲಿ ಟ್ರಾಸ್ಕ್‌ನ ಹೇಡಿತನದ ಮೇಲೆ ಒಬ್ಬನೇ ಭಾಷಣ ಬಿಗಿದ. ಮರುದಿನ ಪತ್ರಿಕೆಯಲ್ಲಿ ಎರಡೂ ಗೋಲು ಟ್ರಾಸ್ಕ್ ಹೆಸರಿನಲ್ಲಿ ಅಚ್ಚಾಗಿತ್ತು. ಬೇರೆ ಯಾರಿಗಾದರೂ ಅಲ್ಲಿಗೆ ವಿಷಯ ಹೊಳೆಯುತ್ತಿತ್ತು. ಲಾರ್ನ್ ಮಾತ್ರ, ಹೆಸರಿದ್ದವನಿಗೇ ಎಲ್ಲ ಕೊಟ್ಟುಬಿಡುತ್ತಾರೆ, ಎಂಥ ಅನ್ಯಾಯ ಅಂತ ಪತ್ರಿಕೆ ಮಡಚಿಟ್ಟ. ವಾರಗಟ್ಟಲೆ ಕೆದಕಿ, ಹಿಂದಿನ ಶರತ್ಕಾಲದ ತರಬೇತಿ ಶಿಬಿರದ ಪಟ್ಟಿಯಲ್ಲಿ ಕೊನೆಗೂ ಒಂದು ಸಾಲು ಪತ್ತೆ ಮಾಡಿದ: ಐವತ್ತೇಳು, ನೋಯೆಲ್ ಪಿಟ್ಮನ್. ಈ ಪಿಟ್ಮನ್ ಒಂದು ಪಂದ್ಯ ಆಡಿದ ದಾಖಲೆಯೂ ಎಲ್ಲೂ ಇರಲಿಲ್ಲ. ಬಚ್ಚಿಟ್ಟಿದ್ದಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು.

ಸೆಪ್ಟೆಂಬರ್ ಬಂತು. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಆಯ್ಕೆ, ಅದು ಎಲ್ಲೆಡೆಯ ಪದ್ಧತಿ. ಹಾಗಾಗಿ ಮೊದಲ ಸರದಿ ಲಾರ್ನ್‌ನದು. ಕೋಣೆಯಲ್ಲಿ ದೊಡ್ಡ ಪಾತ್ರೆಯ ತುಂಬ ಕಾಫಿ, ಗೋಡೆಗೆ ಬಿಳಿ ಹಲಗೆ. ಹಲಗೆಯ ಬಳಿ ಯವೆಟ್ ಲಶಾಂಸ್, ಎಪ್ಪತ್ತೊಂದು ವರ್ಷದ ನಿವೃತ್ತ ಲೆಕ್ಕದ ಟೀಚರ್, ಅಳಿಸಲಾಗದ ಮಸಿಯ ಪೆನ್ನು ಹಿಡಿದು ನಿಂತಿದ್ದರು. ಕೂಟದ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು ಅವರೇ. ಅವರು ಬರೆದರೆ ಮುಗಿಯಿತು, ಬ್ರಹ್ಮಲಿಪಿ.

"ಹೇಳಪ್ಪ ಲಾರ್ನ್. ಟ್ರಾಸ್ಕ್ ಅಂತ ಬರ್ದುಬಿಡ್ಲಾ?" ಅಂದರು ಟೀಚರ್.

"ಭಾವ ಟ್ರಾಸ್ಕ್ ಅಂದ್ರೆ ನಾನು ಈ ಮೇಜು ತಿಂತೀನಿ" ಅಂದ ಗಾರ್ಥ್. ಅವನು ಮೇವಿಸ್‌ಳ ತಮ್ಮ, ಎರಡನೇ ಸರದಿ ಅವನದು, ಹಿಂದಿನ ರಾತ್ರಿಯಿಂದ ಭಾವ ಟ್ರಾಸ್ಕ್‌ನನ್ನು ಬಿಡಲಿ ಅಂತ ದೇವರಲ್ಲಿ ಬೇಡಿಕೊಂಡಿದ್ದ.

ಲಾರ್ನ್ ನಿಧಾನವಾಗಿ ಕನ್ನಡಕ ಒರೆಸಿದ. ಈ ಗಳಿಗೆಗಾಗಿ ಎಂಟು ತಿಂಗಳು ಕಾದಿದ್ದ.

"ನೋಯೆಲ್ ಪಿಟ್ಮನ್."

ಉಳಿದವರು ತಮ್ಮ ತಮ್ಮ ಹಾಳೆಯಲ್ಲಿ ಆ ಹೆಸರು ಹುಡುಕತೊಡಗಿದರು.

"ಯಾರು?" ಅಂದರು ಟೀಚರ್.

"ಪಿಟ್ಮನ್. ಬರೀರಿ ಟೀಚರ್. ಮೂರು ವರ್ಷ ಆದ್ಮೇಲೆ ಈ ದಿನಾನ ನೆನಸ್ಕೋತೀರ."

ಟೀಚರ್ ಬರೆದರು. ಮಸಿ ಆರುವ ಮೊದಲೇ ಗಾರ್ಥ್ "ಟ್ರಾಸ್ಕ್" ಅಂತ ಕಿರುಚಿ ಕುರ್ಚಿಯಿಂದ ಅರ್ಧ ಬಿದ್ದ. ಅದನ್ನೂ ಬರೆದರು. ಬೆಸುಗೆ ಅಂಗಡಿಯ ಎಲ್ಡನ್ ಎಂಬ ದಪ್ಪ ಮನುಷ್ಯ, ಹೆಚ್ಚು ಮಾತಾಡದವನು, ಫೋನಿನಲ್ಲಿ ಏನೋ ಹುಡುಕಿ ಗಂಟಲು ಸರಿಮಾಡಿಕೊಂಡ.

"ಲಾರ್ನ್, ಈ ಪಿಟ್ಮನ್ ಶಿಬಿರದಲ್ಲಿ ಎರಡು ದಿನ ಇದ್ದು ಮನೆಗೆ ಹೋಗಿದಾನೆ. ಈಗ ಹಲ್ಲಿನ ಡಾಕ್ಟ್ರಿಕೆ ಓದ್ತಿದಾನಂತೆ."

"ಒಳ್ಳೇ ಕಸುಬು" ಅಂದ ಗಾರ್ಥ್. "ಹಾಕಿ ಹಲ್ಲು ಉದುರಿಸೋವರೆಗೂ ಗಿರಾಕಿ ಕಮ್ಮಿ ಆಗಲ್ಲ."

"ಅದೆಲ್ಲ ಕಣ್ಣಿಗೆ ಮಣ್ಣೆರಚೋ ಆಟ" ಅಂದ ಲಾರ್ನ್. ಅವನ ದನಿ ಸ್ವಲ್ಪ ತೆಳುವಾಗಿತ್ತು. "ನಾನು ಕಣ್ಣಾರೆ ನೋಡಿದೀನಿ ಕಣ್ರೋ. ಜನವರಿಲಿ. ಐವತ್ತೇಳನೇ ನಂಬರು. ಬೆನ್ನ ಮೇಲೆ ಹೆಸರು ಕೂಡ ಹಾಕ್ದೆ ಮುಚ್ಚಿಟ್ಟಿದ್ರು. ಎರಡು ಗೋಲು. ಈ ಟ್ರಾಸ್ಕ್ ಅವನ ಕಾಲಿನ ಧೂಳಿಗೂ ಸಮ ಇಲ್ಲ."

ಆ ಹೊತ್ತಿಗೆ ಮೇವಿಸ್ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬುಗಳ ತಟ್ಟೆ ಹಿಡಿದು ಒಳಗೆ ಬಂದಿದ್ದಳು. ಬಾಗಿಲಲ್ಲೇ ನಿಂತು ಕೇಳಿದಳು: "ಹೆಸರಿಲ್ಲದ ಅಂಗಿನಾ?"

"ಹೌದು, ಹೆಸರಿಲ್ಲದ ಅಂಗಿ."

"ಲಾರ್ನ್. ಅದು ರಕ್ತದ ಅಂಗಿ ಕಣೋ."

ಆಟದಲ್ಲಿ ಯಾರ ಅಂಗಿಗಾದರೂ ರಕ್ತ ಹತ್ತಿದರೆ ರೆಫರಿ ಹೊರಗೆ ಕಳಿಸುತ್ತಾನೆ, ಬೇರೆ ಅಂಗಿ ತೊಟ್ಟೇ ಬರಬೇಕು. ಅದಕ್ಕೆಂದೇ ಪ್ರತಿ ತಂಡವೂ ಪೆಟ್ಟಿಗೆಯ ತಳದಲ್ಲಿ ಯಾರದ್ದೂ ಅಲ್ಲದ ನಂಬರಿನ, ಹೆಸರಿಲ್ಲದ ಅಂಗಿಯೊಂದನ್ನು ಮಡಚಿಟ್ಟಿರುತ್ತದೆ. ಕೆಟಲ್ ಫೋರ್ಕಿನಲ್ಲಿ ಹಲ್ಲು ಬೀಳದ ಮಕ್ಕಳಿಗೂ ಇದು ಗೊತ್ತು. ಲಾರ್ನ್ ಹದಿನಾಲ್ಕು ವರ್ಷ ಊರ ತಂಡದ ಬಸ್ಸನ್ನೂ ಓಡಿಸಿದವನು. ರಕ್ತ ಹತ್ತಿದ ಅಂಗಿಗಳನ್ನು ತಣ್ಣೀರಲ್ಲಿ ನೆನೆಸಿ ಉಪ್ಪು ಹಾಕಿ ಕೈಯಾರೆ ಉಜ್ಜಿದವನು. ಆದರೂ ಹೊಳೆದಿರಲಿಲ್ಲ. ಆಸೆ ಕಣ್ಣಿಗೆ ಕಟ್ಟಿದ ಮೇಲೆ ಬುದ್ಧಿಗೆ ಕೆಲಸವಿರುವುದಿಲ್ಲ.

"ಹಾಗಾದ್ರೆ ಒಳಗಿದ್ದೋನು ಯಾರು?" ಅಂತ ಎಲ್ಡನ್ ಕೇಳಿದ.

"ಟ್ರಾಸ್ಕ್" ಅಂದಳು ಮೇವಿಸ್. "ಇವನು ಶೌಚಕ್ಕೆ ಹೋಗಿದ್ದಾಗ ಗದ್ದಕ್ಕೆ ಕೋಲು ಬಡೀತು. ಅಂಗಿ ಬದಲಾಯಿಸ್ಕೊಂಡು ಬಂದ. ಎಂಟು ಹೊಲಿಗೆ ಬಿತ್ತಂತೆ ಆಮೇಲೆ."

ಆಗ ಎದ್ದ ನಗೆಗೆ ಕೆಳಗಿನ ಕ್ಯಾಂಟೀನಿನವರು ಮೇಲೆ ಬಂದು ಇಣುಕಿದರು. ಗಾರ್ಥ್ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ಟೀಚರ್ ನಗಬಾರದೆಂದು ಹಲಗೆಯ ಕಡೆ ತಿರುಗಿದರು, ಅವರ ಭುಜ ಮಾತ್ರ ಕುಣಿಯುತ್ತಿತ್ತು. ಹೆಸರು ಗೊತ್ತಿದ್ದಾಗ ಕಾಲು ಭಾರ ಅಂದವನನ್ನೇ ಹೆಸರಿಲ್ಲದಾಗ ಕಂಡು ಎದ್ದು ನಿಂತು ಕೂಗಿದ್ದನಲ್ಲ, ಲಾರ್ನ್‌ಗೆ ಅದು ಎಲ್ಲರಿಗಿಂತ ಮೊದಲು ಅರ್ಥವಾಯಿತು. ಕಿವಿ ಕೆಂಪಗಾಯಿತು.

"ನೀನ್ಯಾಕೆ ಹೇಳ್ಲಿಲ್ಲ?" ಅಂದ ಹೆಂಡತಿಗೆ.

"ಯಾವಾಗ ಹೇಳ್ಲಿ? ಎರಡು ಗಂಟೆ ದಾರೀಲಿ ನನಗೆ ಒಂದು ಮಾತಿಗೆ ಜಾಗ ಬಿಟ್ಯಾ? ಐವತ್ತೇಳು ಅಂತ ಒಂದ್ಸಲ ಬಾಯಿ ಬಿಟ್ಟಿದ್ರೆ ಅಲ್ಲೇ ಹೇಳ್ತಿದ್ದೆ."

ಟೀಚರ್ ಮಸಿ ಅಳಿಸುವುದಿಲ್ಲ. ಆದರೆ ಪಾತ್ರೆಯ ಕಾಫಿ ಮುಗಿಯುವವರೆಗೆ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಬಹುದು, ಅದು ಮೊದಲಿನಿಂದ ನಡೆದುಬಂದದ್ದು. ಉಳಿದ ಆಯ್ಕೆಗಳೆಲ್ಲ ಮುಗಿದು ಪಾತ್ರೆಯ ನಲ್ಲಿ ಗೊರಗೊರ ಅನ್ನುತ್ತಿದ್ದಾಗ ಗಾರ್ಥ್ ಲಾರ್ನ್‌ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಭಾವನ ಮುಖ ನೋಡಿ ಅವನಿಗೂ ಕರುಳು ಚುರುಕ್ ಅಂದಿರಬೇಕು.

"ಭಾವ, ಟ್ರಾಸ್ಕ್‌ನ ನಿಂಗೆ ಕೊಡ್ತೀನಿ. ನಿನ್ನ ಹತ್ರ ಮೊದಲಿಂದ ಇರೋ ಐದು ಹುಡುಗ್ರನ್ನ ನಂಗೆ ಕೊಡು. ಹಲ್ಲಿನ ಡಾಕ್ಟ್ರು ನಿನ್ನ ಹತ್ರಾನೇ ಇರ್ಲಿ."

ಒಳ್ಳೆಯ ವ್ಯಾಪಾರ. ಟ್ರಾಸ್ಕ್ ಬಂದರೆ ಲಾರ್ನ್ ಕೊನೆಗೆ ಬರುವ ಮಾತೇ ಇಲ್ಲ, ಕುರ್ಚಿ ಉಳಿಯುತ್ತದೆ. ಎಲ್ಡನ್ ಕೊನೆಯ ಲೋಟವನ್ನು ತುಂಬಿಸದೆ, ಹನಿ ಹನಿಯಾಗಿ ಬಿಟ್ಟುಕೊಂಡು ಕಾಲಹರಣ ಮಾಡುತ್ತಿದ್ದ. "ಯೋಚ್ನೆ ಮಾಡು, ನಂಗೆ ಅವಸರ ಇಲ್ಲ" ಅಂದ. ಮೇವಿಸ್ ತಟ್ಟೆ ಕೆಳಗಿಟ್ಟಳು.

"ತಗೋ ಲಾರ್ನ್. ನಾನು ಇನ್ನೊಂದಷ್ಟು ವರ್ಷ ಕಾಯ್ತೀನಿ. ಕಾದು ಕಾದು ಅಭ್ಯಾಸ ಆಗಿದೆ."

ಲಾರ್ನ್ ತನ್ನ ಹಾಳೆಯಲ್ಲಿದ್ದ ಐದು ಹೆಸರುಗಳನ್ನು ನೋಡಿದ. ಕೊನೆಯದು ಜಾರೆಟ್ ಸ್ವೇನ್. ಹದಿನೈದು ವರ್ಷದವನಿದ್ದಾಗ ಬಡಗಣ ಊರೊಂದರ ಬಿಸಿಯಿಲ್ಲದ ರಿಂಕಿನಲ್ಲಿ ಕಂಡಿದ್ದ. ಆ ಪಂದ್ಯಕ್ಕೆ ಪ್ರೇಕ್ಷಕರು ಹನ್ನೊಂದು ಜನ, ಅದರಲ್ಲಿ ಒಂದು ನಾಯಿ. ಸ್ವೇನ್‌ಗೆ ಅಜ್ಜಿಯೊಬ್ಬಳು ಕಂಬಳಿ ಹೊದೆದು ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಉಳಿದ ನಾಲ್ವರದೂ ಇಂಥದೇ ಕಥೆಗಳು. ಈ ಐವರನ್ನು ಅವನು ತಾನೇ ಕಂಡುಹಿಡಿದದ್ದು. ಟೀವಿ ಹೇಳಿದ್ದಲ್ಲ, ಅಂಗಿ ನೋಡಿ ಮೋಸಹೋದದ್ದಲ್ಲ.

"ಹುಡುಗ್ರನ್ನ ಕೊಡಲ್ಲ" ಅಂದ.

"ತಲೆ ಕೆಟ್ಟಿದ್ಯಾ ಭಾವ?"

"ಕೆಟ್ಟಿದೆ. ಎಲ್ಡನ್, ಕಾಫಿ ಕುಡಿ."

ಆ ವರ್ಷ ಟ್ರಾಸ್ಕ್ ಗೋಲು ಸುರಿಸಿದ, ಟೋಸ್ಟರ್ ಗಾರ್ಥ್‌ನ ಮನೆಗೆ ಹೋಯಿತು. ಲಾರ್ನ್ ಏಳನೆಯವನಿಗಿಂತ ನಾಲ್ಕು ಅಂಕ ಹಿಂದೆ ಬಿದ್ದು ಎಂಟನೆಯವನಾದ. ಏಪ್ರಿಲ್ ಮುಗಿದ ಮೇಲೆ ಟೀಚರ್ ಖುದ್ದು ಮನೆಗೆ ಬಂದು, ಒಂದು ತುಂಡು ಕೇಕು ತಿಂದು, ವಿಷಯ ಹೇಳಿ ಹೋದರು. ನಿಯಮ ಮಾಡುವಾಗ ಅದಕ್ಕೆ ಕೈ ಎತ್ತಿದವರಲ್ಲಿ ಲಾರ್ನ್ ಮೊದಲಿಗನಾಗಿದ್ದನೆಂದು ನೆನಪಿಸುವ ಕ್ರೌರ್ಯ ಅವರು ಮಾಡಲಿಲ್ಲ. ಆಮೇಲೆ ಗಾರ್ಥ್ ಫೋನು ಮಾಡಿ ನೆನಪಿಸಿದ.

ಮುಂದಿನ ಸೆಪ್ಟೆಂಬರಿನಲ್ಲಿ ಲಾರ್ನ್ ಹೆಂಡತಿಯನ್ನು ರಿಂಕಿನವರೆಗೆ ಬಿಟ್ಟು, ಕೆಳಗಿನ ಕ್ಯಾಂಟೀನಿನಲ್ಲಿ ಕೂತ. ಮೇಲಿನಿಂದ ಕುರ್ಚಿ ಸರಿಯುವ ಸದ್ದು, ನಗು ಕೇಳಿಸುತ್ತಿತ್ತು. ಇಪ್ಪತ್ತಾರು ವರ್ಷ ಆ ಸದ್ದಿನೊಳಗೇ ಇದ್ದವನಿಗೆ ಹೊರಗಿನಿಂದ ಅದು ಹೀಗೆ ಕೇಳುತ್ತದೆಂದು ಗೊತ್ತಿರಲಿಲ್ಲ. ಮೂರು ಕಾಫಿ ಕುಡಿದ.

ಮೇವಿಸ್ ಕೆಳಗಿಳಿದು ಬಂದು, ಕಾರು ಹತ್ತಿ, ಬೆಲ್ಟು ಹಾಕಿಕೊಂಡು ಹೇಳಿದಳು: "ಹುಡುಗ್ರನ್ನೆಲ್ಲ ಕೊಟ್ಬಿಟ್ಟೆ."

"ಐದೂ ಜನಾನಾ?"

"ಐದು ಹುಡುಗ್ರು, ಐದು ಮನೆಗೆ. ಬದಲಿಗೆ ಮೂವತ್ತು ದಾಟಿದೋರು ಐದು ಜನ ತಗೊಂಡೆ. ಒಬ್ಬನಿಗೂ ಮುಂದೇನಾಗ್ತೀಯಪ್ಪಾ ಅಂತ ಕೇಳೋ ಹಾಗಿಲ್ಲ, ಆಗಿರೋರು. ಸ್ವೇನ್ ಎಲ್ಡನ್‌ಗೆ ಹೋದ. ಹಲ್ಲಿನ ಡಾಕ್ಟ್ರನ್ನ ಮಾತ್ರ ಯಾರೂ ಬಿಟ್ಟಿ ಕೊಟ್ರೂ ಮುಟ್ಲಿಲ್ಲ."

ಲಾರ್ನ್ ಗೇರು ಹಾಕಿ ಮನೆಯ ಕಡೆ ಕಾರು ತಿರುಗಿಸಿದ. ಅವನಿಗೆ ನಿಜವಾಗಿ ನೋವಾಗಿತ್ತು. ಕುರ್ಚಿ ಹೋದದ್ದು ಅವನ ಕರ್ಮ. ಹುಡುಗರನ್ನೂ ಅವಳು ಬಿಟ್ಟುಕೊಡುತ್ತಾಳೆಂದು ಅವನು ಎಣಿಸಿರಲಿಲ್ಲ.

ನವೆಂಬರಿನ ಒಂದು ಸಂಜೆ ಊಟದ ಹೊತ್ತಿಗೆ ಫೋನು ಬಂತು. ಎಲ್ಡನ್.

"ಲಾರ್ನ್, ಈ ಸ್ವೇನ್ ಮೂರು ಪಂದ್ಯದಿಂದ ಆಡ್ತಿಲ್ಲ. ಪೆಟ್ಟಾ, ಕೋಚ್ ಜೊತೆ ಜಗಳಾನಾ? ನಿಂಗೆ ಗೊತ್ತಿರುತ್ತೆ ಅಂತ ಮಾಡ್ದೆ."

ಲಾರ್ನ್‌ಗೆ ಗೊತ್ತಿತ್ತು. ಎಡಪಾದ, ಹಳೆಯ ನೋವು, ಬೂಟು ಬದಲಿಸಿದರೆ ಸರಿಹೋಗುತ್ತದೆ, ಅಜ್ಜಿ ಎರಡು ವರ್ಷದ ಹಿಂದೆಯೇ ಹೇಳಿದ್ದಳು. ಇಪ್ಪತ್ತು ನಿಮಿಷ ಹೇಳಿದ, ತಟ್ಟೆಯಲ್ಲಿದ್ದದ್ದು ಆರಿಹೋಯಿತು. ಮರುವಾರ ಟೀಚರ್ ಮಾಡಿದರು. ಆಮೇಲೆ ಗಾರ್ಥ್. ಕ್ರಿಸ್ಮಸ್ ಹೊತ್ತಿಗೆ ಐವರೂ ಸರದಿಯಂತೆ ಫೋನು ಮಾಡುತ್ತಿದ್ದರು. ತಮ್ಮ ಕೈಗೆ ಬಂದ ಹುಡುಗನನ್ನು ಹೇಗೆ ಸಾಕಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಫೋನ್ ಇಡು" ಅನ್ನುತ್ತಿದ್ದಳು ಮೇವಿಸ್. "ಅವ್ರೆಲ್ಲ ನನ್ನ ಎದುರಾಳಿಗಳು. ನನ್ನ ಅಡುಗೆಮನೇಲಿ ಕೂತು ನನ್ನ ಸೋಲಿಸ್ತಿದೀಯಾ."

"ಹುಡುಗ್ರ ವಿಷ್ಯ ಕೇಳಿದ್ರು, ಹೇಳ್ದೆ" ಅಂತ ಲಾರ್ನ್ ಫೋನು ಎತ್ತಿಕೊಂಡು ಗ್ಯಾರೇಜಿಗೆ ಹೋಗುತ್ತಿದ್ದ.

ಏಪ್ರಿಲ್‌ನ ಕೊನೆಯ ಶನಿವಾರದ ಹೊತ್ತಿಗೆ ಮೇವಿಸ್ ಎಲ್ಲರಿಗಿಂತ ಮುಂದಿದ್ದಳು, ಎಲ್ಡನ್ ಅವಳಿಗಿಂತ ಒಂದೇ ಅಂಕ ಹಿಂದೆ. ಅವಳ ಆಟಗಾರರ ಪಂದ್ಯಗಳೆಲ್ಲ ಮುಗಿದಿದ್ದವು. ಎಲ್ಡನ್‌ಗೆ ಒಬ್ಬ ಉಳಿದಿದ್ದ. ದೊಡ್ಡ ಲೀಗಿನ ತಂಡವೊಂದರಲ್ಲಿ ಇಬ್ಬರಿಗೆ ಪೆಟ್ಟಾಗಿ, ಜಾರೆಟ್ ಸ್ವೇನ್‌ಗೆ ಆ ಮಧ್ಯಾಹ್ನ ಜೀವನದ ಮೊದಲ ದೊಡ್ಡ ಪಂದ್ಯಕ್ಕೆ ಕರೆ ಬಂದಿತ್ತು. ಪಂದ್ಯ ನೋಡಲು ಕೂಟದವರೆಲ್ಲ ಲಾರ್ನ್‌ನ ಮನೆಗೆ ಬಂದರು. ಮೇವಿಸ್ ಟೋಸ್ಟರ್ ಇಡಲು ಮದುವೆಯ ಫೋಟೋವನ್ನು ಆಗಲೇ ಅರ್ಧ ಅಡಿ ಸರಿಸಿದ್ದಳು.

ಪಂದ್ಯ ಮುಗಿಯಲು ಇನ್ನು ಆರು ನಿಮಿಷ ಉಳಿದಿತ್ತು. ಸ್ವೇನ್ ಗೋಡೆಯ ಬದಿಯಲ್ಲಿ ಚೆಂಡಿನ ಬದಲಿನ ಆ ಕಪ್ಪು ಬಿಲ್ಲೆಯನ್ನು ಕಸಿದು, ಒಬ್ಬನನ್ನು ದಾಟಿ, ಎಡಕ್ಕೆ ತಿರುಗಿದ. "ಎಡಕ್ಕೆ ತಿರುಗ್ದ, ಈಗ ಹೊಡೀತಾನೆ" ಅಂದ ಲಾರ್ನ್, ಯಾರಿಗೂ ಅಲ್ಲ. ಸ್ವೇನ್ ಹೊಡೆದ. ಬಲೆ ಅಲುಗಿತು.

ಲಾರ್ನ್ ಎದ್ದು ಕೈಯೆರಡೂ ಮೇಲೆತ್ತಿ ಕೂಗಿದ. ಕೂಗಿ ಮುಗಿದ ಮೇಲೆ ಹೆಂಡತಿಯ ಮುಖ ನೋಡಿದ. ನೋಡಿ, ಕೈ ಇಳಿಸಬೇಕೆಂದುಕೊಂಡ, ಇಳಿಯಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ಟೋಸ್ಟರ್ ಎಲ್ಡನ್‌ದಾಯಿತು. ಆದರೆ ಎಲ್ಡನ್ ಕುಣಿಯಲಿಲ್ಲ. ಎದ್ದು ಅಂಗಿ ಜಗ್ಗಿಕೊಂಡು ಲಾರ್ನ್‌ನ ಮುಂದೆ ಬಂದು ಕೈ ಚಾಚಿದ. ಅವನ ಹಿಂದೆ ಟೀಚರ್ ನಿಂತರು, ಅವರ ಹಿಂದೆ ಗಾರ್ಥ್, ಹಾಗೇ ಉಳಿದವರು. ದೊಡ್ಡ ಸರಣಿ ಮುಗಿದಾಗ ಮಂಜಿನ ಮೇಲೆ ಎರಡು ತಂಡಗಳೂ ಸಾಲಾಗಿ ಬಂದು ಕೈ ಕುಲುಕುತ್ತವಲ್ಲ, ಹಾಗೆ ನಡುಮನೆಯಿಂದ ಅಡುಗೆಮನೆಯ ಫ್ರಿಜ್ಜಿನವರೆಗೆ ಸಾಲು ಬೆಳೆಯಿತು. ಯಾರೂ ತಮಾಷೆ ಮಾಡಲಿಲ್ಲ. "ಒಳ್ಳೇ ಹುಡುಗ" ಅಂದರು ಟೀಚರ್. "ನೀನು ಹೇಳಿದ್ದೆ ಭಾವ" ಅಂದ ಗಾರ್ಥ್.

ಸಾಲಿನ ಕೊನೆಯಲ್ಲಿ ಮೇವಿಸ್ ಇದ್ದಳು. ಗಂಡನ ಕೈ ಗಟ್ಟಿಯಾಗಿ ಹಿಡಿದು, "ಅವನನ್ನ ಕೊಟ್ಟಿದ್ದು ನನ್ನ ತಪ್ಪು" ಅಂದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಲಾರ್ನ್ ಅವಳ ಕೈ ಬಿಡದೆ ಹಾಗೇ ನಿಂತಿದ್ದ.